ಸಾರವ್ವನನ್ನು ಯಾರೂ ಕೇಳಲಿಲ್ಲ

“ಗ್ವಾಡೀ ಮ್ಯಾಲಿನ ಆ ಶಿಲುಬಿ ಯಾರ ಬರದದ್ದ ಬೇ?”

ತಲಾಠಿ ಹೊಸ್ತಿಲ ಹೊರಗೇ ನಿಂತು ಪೆನ್ನು ಚಾಚಿ ಕೇಳಿದ. ಪಂಚನಾಮೆ ಮಾಡಲು ಮಾದರ ಕೇರಿಗೆ ಬಂದಿದ್ದ ಐದು ಜನ ದೊಡ್ಡ ಮನುಷ್ಯರಲ್ಲಿ ಒಬ್ಬನೂ ಒಳಗೆ ಕಾಲಿಟ್ಟಿರಲಿಲ್ಲ. ಸಂಗನಬಸವಗೌಡರಿಗೆ ಕೂರಲು ಪಂಚಾಯ್ತಿಯಿಂದ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ದುರ್ಗವ್ವನ ಮನೆಯ ಮಣೆಯ ಮೇಲೆ ಕೂತರೆ ಗೌಡರ ಧೋತರಕ್ಕೆ ಮೈಲಿಗೆಯಲ್ಲವೇ.

ತಾನೇ ಕೆಮ್ಮಣ್ಣಿನಿಂದ ಬರೆದದ್ದು ಎಂದಳು ದುರ್ಗವ್ವ. ಎಂಟು ವರ್ಷದ ಹಿಂದೆ ಮಲಪ್ರಭೆಯ ಕಾಲುವೆಯಲ್ಲಿ ತಾಯಿ ಮಗಳಿಬ್ಬರೂ ಮುಳುಗಿ ದೀಕ್ಷಾಸ್ನಾನ ಮಾಡಿಸಿಕೊಂಡ ದಿನ ಬರೆದ ಶಿಲುಬೆ ಅದು.

ಮಗಳು ಸುವರ್ಣಾಳಿಗೆ ಹುಬ್ಬಳ್ಳಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಜಾತಿ ಸರ್ಟಿಫಿಕೇಟು ಕೊಟ್ಟರೆ ಸೀಟು, ಇಲ್ಲದಿದ್ದರೆ ಇಲ್ಲ. ಯಾರೋ ಅರ್ಜಿ ಹಾಕಿದ್ದರು, ಇವರು ಕ್ರಿಶ್ಚಿಯನ್ನರು, ಮಾದರಲ್ಲ ಎಂದು. ಯಾರೋ ಏನು, ಗೌಡರೇ. ಅವರ ಮಗನ ಮದುವೆ ಆದಿತ್ಯವಾರ ಬಿದ್ದಿತ್ತು. ಪ್ರಾರ್ಥನೆಗೆ ಹೋಗಬೇಕೆಂದು ದುರ್ಗವ್ವ ಎಂಜಲೆಲೆ ಎತ್ತಲು ಹೋಗಿರಲಿಲ್ಲ. ಎಲೆ ಕೊಳೆತು ಗೊಬ್ಬರವಾದರೂ ಗೌಡರ ಸಿಟ್ಟು ಕೊಳೆತಿರಲಿಲ್ಲ.

“ಯೇಸೂನ್ನ ಬಿಟ್ಟೀನಿ ಅಂತ ಪಂಚರ ಮುಂದ ಒಂದ ಮಾತ ಅನ್ನು. ಗ್ವಾಡಿಗೆ ಸುಣ್ಣಾ ಬಳಿ. ಈಗಿಂದೀಗ ಸಹಿ ಮಾಡ್ತೀನಿ,” ಎಂದರು ಗೌಡರು. ಸುಣ್ಣದ ಡಬ್ಬಿಯನ್ನು ಮನೆಯಿಂದಲೇ ತರಿಸಿದ್ದರು. ಆಳು ಅದನ್ನು ಕಾಲಿನಿಂದ ಅವಳತ್ತ ತಳ್ಳಿದ.

ದುರ್ಗವ್ವ ಬ್ರಷ್ ಎತ್ತಿಕೊಂಡಳು. ಬಾಗಿಲ ಸಂದಿಯಲ್ಲಿ ನಿಂತಿದ್ದ ಸುವರ್ಣಾಳ ಕಣ್ಣು ಬಳಿ, ಬಳಿ ಅನ್ನುತ್ತಿತ್ತು. ಬಳಿಯಬೇಕೆಂದೇ ಕೈ ಎತ್ತಿದಳು. ಆಗ ಆ ಹನ್ನೊಂದು ದಿನ ನೆನಪಾದವು. ಗಂಡ ಕಾಮಾಲೆಯಾಗಿ ಸಾಯುತ್ತ ಬಿದ್ದಾಗ ಊರಿನ ಒಂದು ನರಪಿಳ್ಳೆಯೂ ಇಣುಕಿರಲಿಲ್ಲ. ಸಂಶಿಯಿಂದ ಪ್ರಾರ್ಥನೆಯ ಜನ ಬಂದು ಹಗಲೂ ರಾತ್ರಿ ಕೂತಿದ್ದರು. ಗಂಡ ಉಳಿಯಲಿಲ್ಲ, ಅದು ಬೇರೆ ಮಾತು. ಆದರೆ ಅವರಲ್ಲಿ ಮೇಲ್ಜಾತಿಯ ಒಬ್ಬ ಮುದುಕಿ ಇವಳು ಬಡಿದ ರೊಟ್ಟಿಯನ್ನು ಕೈಯಾರೆ ಇಸಿದುಕೊಂಡು ತಿಂದಿದ್ದಳು. ಯೇಸುವನ್ನು ದುರ್ಗವ್ವ ನಂಬಿದ್ದು ಆ ರೊಟ್ಟಿಯ ದಿನ.

ಇಷ್ಟು ಜನರಲ್ಲಿ ನಿನಗೆ ನಾನೇ ಸಿಕ್ಕೆನಾ ಎಂದು ದೇವರ ಮೇಲೆ ಸಿಟ್ಟು ಬಂತು. ಸುಣ್ಣ ಮೊಣಕೈವರೆಗೆ ಇಳಿಯಿತು. ಬ್ರಷ್ ಡಬ್ಬಿಗೆ ಬಿತ್ತು.

“ಅಂವನ್ನ ಬಿಟ್ಟಿಲ್ರಿ. ಸುಳ್ಳ ಹೇಳಾಕ ಬಾಯಿ ಬರವಲ್ದು.”

“ನಿನ್ನೌನ, ಹಂಗಾರ ಆ ಯೇಸೂನ ಕಡೇನ ಸರ್ಟಿಫಿಕೇಟ ಇಸ್ಕೊ ಹೋಗು,” ಎಂದು ಗೌಡರು ಎದ್ದರು. ಇವರು ಮಾದರ ಜಾತಿಗೆ ಸೇರಿದವರಲ್ಲ ಎಂದು ತಲಾಠಿ ಬರೆದ. ಐದೂ ಜನ ಸಹಿ ಹಾಕಿದರು. ಅವಳ ಪ್ರತಿಯನ್ನು ಕೈಗೆ ಕೊಡದೆ ನೆಲಕ್ಕೆಸೆದರು. ಕೈ ತಾಗಬಾರದಲ್ಲ.

ಆ ರಾತ್ರಿ ಸುವರ್ಣಾ ಉಣ್ಣಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು ಒಂದೇ ಮಾತು ಕೇಳಿದಳು: “ನಿನ್ನ ದೇವರ ಪರೀಕ್ಷಾಕ್ಕ ನಾ ಯಾಕ ನಪಾಸಾಗಬೇಕವಾ?”

ದುರ್ಗವ್ವ ನೆಲಕ್ಕೆಸೆದಿದ್ದ ಪಂಚನಾಮೆಯ ಪ್ರತಿಯನ್ನು ಎತ್ತಿ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಆದಿತ್ಯವಾರ ಹುಬ್ಬಳ್ಳಿಯ ಪಾಸ್ಟರು ಬೈಕಿನಲ್ಲಿ ಬಂದು ತಗಡಿನ ಪ್ರಾರ್ಥನಾ ಮನೆಯಲ್ಲಿ ಅಬ್ರಹಾಮನ ಕಥೆ ಹೇಳಿದರು. ದೇವರು ಕೇಳಿದನೆಂದು ಅಬ್ರಹಾಮ ಇದ್ದೊಬ್ಬ ಮಗನನ್ನು ಬೆಟ್ಟಕ್ಕೆ ಕರೆದೊಯ್ದ, ಕಟ್ಟಿಗೆಯ ಮೇಲೆ ಕಟ್ಟಿ ಮಲಗಿಸಿದ, ಕತ್ತಿ ಎತ್ತಿದ. ಆಗ ದೇವರು ಕೈ ತಡೆದ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರೊಂದು ಕಂಡಿತು, ಮಗ ಉಳಿದ. ನಮ್ಮ ಸಾರವ್ವನೂ ಅಂಥ ಬಲಿ ಕೊಟ್ಟಿದ್ದಾಳೆ, ಅವಳಿಗೂ ಟಗರು ಬರುತ್ತದೆ ಎಂದರು. ಸಾರವ್ವ ಎಂಬುದು ದೀಕ್ಷಾಸ್ನಾನದಲ್ಲಿ ಅವರೇ ಅವಳಿಗಿಟ್ಟ ಹೆಸರು, ಅಬ್ರಹಾಮನ ಹೆಂಡತಿಯದು. ಜನ ಆಮೆನ್ ಅಂದರು.

ದುರ್ಗವ್ವ ಎದ್ದು ನಿಂತಳು.

“ಮಗನ್ನ ಒಯ್ಯೂಮುಂದ ಅಬ್ರಹಾಮ ಸಾರವ್ವನ್ನ ಕೇಳಿದ್ನೇನ್ರಿ?”

ಪಾಸ್ಟರು ಬೈಬಲಿನ ಹಾಳೆ ಅತ್ತಿತ್ತ ತಿರುವಿದರು. ಹಾಗೇನೂ ಬರೆದಿಲ್ಲ, ವಿಶ್ವಾಸದಲ್ಲಿ ಪ್ರಶ್ನೆ ಮಾಡಬಾರದು ತಂಗಿ ಎಂದರು. ಅವರ ಮಕ್ಕಳಿಬ್ಬರೂ ಕಾನ್ವೆಂಟಿನಲ್ಲಿ ಓದುತ್ತಿದ್ದರು.

“ಕೇಳಿಲ್ಲ ಅನ್ರಿ ಹಂಗಾರ. ನಾನೂ ನನ್ನ ಮಗಳನ್ನ ಕೇಳ್ಲಿಲ್ರಿ,” ಎಂದು ಕೂತಳು. ಕೂತವಳಿಗೆ ಅಳು ತಡೆಯಲಾಗಲಿಲ್ಲ. ಮಗಳನ್ನು ಕಟ್ಟಿಗೆಯ ಮೇಲೆ ಮಲಗಿಸಿದವಳು ತಾನೇ ಎಂಬುದು ಅವಳಿಗೆ ಆಗ ಗೊತ್ತಾಯಿತು.

ಸೋಮವಾರ ಬಂತು, ಹೋಯಿತು. ಸೀಟೂ ಹೋಯಿತು. ಟಗರು ಬರಲಿಲ್ಲ. ಸುವರ್ಣಾ ಆ ದಿನ ಕುರ್ಚಗಿ ಹಿಡಿದು ಹೆಸರುಕಾಳಿನ ಹೊಲದಲ್ಲಿ ಕಳೆ ಕೀಳುವ ಹೆಂಗಸರ ಸಾಲಿನಲ್ಲಿ ಕೂತಳು. ಹೊಲ ಗೌಡರದೇ.

ಮಂಗಳವಾರ ಬೆಳಿಗ್ಗೆ ತಾಯಿ ಮಗಳು ನೀರಿಗೆ ಹೋದರು. ಊರೆಲ್ಲ ಕುಡಿಯುವುದು ಕೆರೆಯ ನೀರನ್ನೇ. ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು ತುಂಬಿಕೊಳ್ಳಬೇಕು. ಕೇರಿಯವರು ಮಾತ್ರ ಮೆಟ್ಟಿಲಿಳಿಯುವಂತಿಲ್ಲ. ದಂಡೆಯ ಮೇಲೆ ಕೊಡ ಇಟ್ಟು ಕಾಯಬೇಕು. ಕರುಣೆ ಬಂದವರು ತಮ್ಮ ಕೊಡದಿಂದ ಮೇಲಿನಿಂದ ಸುರಿಯುತ್ತಾರೆ. ಅಂದು ಗೌಡರ ಹೆಂಡತಿ ಗೌರಕ್ಕ ಮೂರು ಸಲ ತುಂಬಿಕೊಂಡು ಹೋದಳು. ಇದು ಪೂಜೆಯ ನೀರು, ತಡಿ ಎಂದಳು ಮೂರು ಸಲವೂ. ಬಿಸಿಲು ಏರಿತು.

ದುರ್ಗವ್ವ ಕುಪ್ಪಸದೊಳಗಿನ ಕಾಗದವನ್ನು ಮುಟ್ಟಿ ನೋಡಿಕೊಂಡಳು. ಚಪ್ಪಲಿ ಬಿಟ್ಟಳು. ಕೊಡ ಎತ್ತಿಕೊಂಡು ಮೆಟ್ಟಿಲಿಳಿಯತೊಡಗಿದಳು.

ಹೆಂಗಸರು ಕೊಡ ಬಿಟ್ಟು ಹಿಂದೆ ಸರಿದರು. ಗೌರಕ್ಕ ಫೋನು ಮಾಡಿದಳು. ಬುಲೆಟ್ಟಿನ ಮೇಲೆ ಗೌಡರು ಬಂದಾಗ ದುರ್ಗವ್ವ ಮೊಣಕಾಲುದ್ದ ನೀರಿನಲ್ಲಿದ್ದಳು.

“ಏ ಹಾದರಗಿತ್ತಿ, ಮ್ಯಾಲ ಬಾ. ನೀ ಯಾರನ್ನೂದು ಮರತೀ ಏನ?”

“ನಾ ಮರತಿಲ್ರಿ ಗೌಡ್ರ. ನಾ ಮಾದರಾಕಿ ಅಲ್ಲಂತ ನೀವ ಐದ ಮಂದಿ ಸಹಿ ಮಾಡಿ ಕೊಟ್ಟೀರಿ.” ಕುಪ್ಪಸದೊಳಗಿನ ಕಾಗದವನ್ನು ತಟ್ಟಿ ತೋರಿಸಿದಳು. “ಹೌದಂದ್ರ ಮಗಳಿಗೆ ಸರ್ಟಿಫಿಕೇಟ ಕೊಡ್ರಿ. ಅಲ್ಲಂದ್ರ ಬಾಜೂಕ ಸರೀರಿ, ನೀರ ತುಂಬಬೇಕು.”

ಗೌಡರು ಊರ ಕಡೆ ತಿರುಗಿ ಆಳುಗಳಿಗೆ ಕೈ ಬೀಸಿದರು.

ಹಿಂದೆ ನೀರಿನ ಸಪ್ಪಳವಾಯಿತು. ಐದು ದಿನದಿಂದ ಮುಖ ಕೊಟ್ಟು ಮಾತಾಡದಿದ್ದ ಸುವರ್ಣಾ ಎರಡನೆಯ ಕೊಡ ಹಿಡಿದು ಇಳಿದಿದ್ದಳು. “ನಾನ ಬಂದೀನಿ ಯವ್ವಾ, ನೀ ಕರದಿಲ್ಲ,” ಎಂದಳು. ಕೊಡವನ್ನು ಬಾಗಿಸಿ ನೀರಿಗೊತ್ತಿದಳು.

ದುರ್ಗವ್ವ ದಂಡೆಯ ಜಾಲಿಕಂಟಿಯ ಕಡೆಗೊಮ್ಮೆ ನೋಡಿದಳು. ಅಲ್ಲಿ ಯಾವ ಟಗರೂ ಸಿಕ್ಕಿಕೊಂಡಿರಲಿಲ್ಲ. ಕಂಟಿಯ ಹಿಂದಿನಿಂದ ಏಳೆಂಟು ಜನ ಬಡಿಗೆ ಹಿಡಿದು ಬರುತ್ತಿದ್ದರು. ಅವಳು ಮಗಳ ಮುಂದೆ ಬಂದು ನಿಂತು, ತನ್ನ ಕೊಡವನ್ನೂ ನೀರಿನಲ್ಲಿ ಮುಳುಗಿಸಿದಳು.