ಫೋಟೊಕ್ಕೆ ಸಿಂಗರಿಸಿದ ಮಾಳಿಗೆಗಳು

ಬುಟ್ಟಿ ಹೊತ್ತು ಹೊತ್ತು ಹುಲಿಗವ್ವನ ನೆತ್ತಿಯ ಕೂದಲೇ ಉದುರಿತ್ತು. ಅಳವಂಡಿ ಕಡೆಯ ಆ ಕೇರಿಯಲ್ಲಿ ಮೂವತ್ತೊಂದು ಮನೆ, ಎಲ್ಲವೂ ಮಣ್ಣು ಹಾಸಿದ ಚಪ್ಪಟೆ ಮಾಳಿಗೆಯವು. ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹೊತ್ತು ಹಾಕಿ ತುಳಿಯದಿದ್ದರೆ ಸೋರುತ್ತವೆ. ಹಗಲೆಲ್ಲ ಗೌಡನ ಹೊಲದಲ್ಲಿ ಬೆನ್ನು ಮುರಿದುಕೊಂಡು ಬಂದು ಸಂಜೆ ಈ ಕೆಲಸ.

ಜಾಗ ಗೌಡನ ಹೆಸರಲ್ಲಿತ್ತು. ಅಲ್ಲಿ ಮನೆಗಳಿವೆ ಅಂತ ಸರ್ಕಾರ ಒಪ್ಪಿದರೆ ಕೇರಿಯವರಿಗೆ ಹಕ್ಕುಪತ್ರ. ಖಾಲಿ ಅಂದರೆ ಗೌಡನಿಗೆ.

ಹೋದ ಬೇಸಿಗೆಯಲ್ಲಿ ಗೌಡ ತಾನೇ ಕೇರಿಗೆ ಬಂದ. ಈ ಕಡೆ ಮೂತಿ ಸಹ ತಿರುಗಿಸದ ಮನುಷ್ಯ!

"ಉಪಗ್ರಹ ಮ್ಯಾಲಿಂದ ಫೋಟೊ ಹೊಡಿತೈತಿ. ಅದರಾಗ ಕಂಡ ಮನಿಗೆ ಹಕ್ಕುಪತ್ರ. ಮಾಳಿಗಿ ಮ್ಯಾಲಿನ ಕಟಗಿ, ಹೊಟ್ಟು, ಕೌದಿ ಎಲ್ಲಾ ಇಳಸ್ರಿ. ಹೊಸಾ ಮಣ್ಣು ಹಾಕಿ ಛಲೋ ಮಾಡ್ರಿ. ನನ್ನ ಟ್ರ್ಯಾಕ್ಟರ್ ತಗೋರ್ರಿ."

"ಗೌಡ್ರು ಭಾಳ ದೊಡ್ಡ ಮನಷ್ಯಾರು ಬಿಡವಾ," ಅಂದಳು ಪಕ್ಕದ ಮನೆಯ ಫಾತಿಮಾಬೀ.

ಹೆಂಗಸರು ಸೆರಗು ಕಟ್ಟಿ ನಿಂತರು. ಎಂಟು ದಿನ ಮಣ್ಣು ಹೊತ್ತರು, ತುಳಿದರು, ಒಂದು ಕಡ್ಡಿ ಉಳಿಯದಂತೆ ಗುಡಿಸಿದರು. ಫೋಟೊ ಅಂದರೆ ಸುಮ್ಮನೇನು!

ಈ ವರ್ಷ ಹಕ್ಕುಪತ್ರದ ಸರ್ವೆಗೆ ಅಧಿಕಾರಿ ಸುಭಾಷ್ ಬಂದ. ಬಿಸಿಲಿಗೆ ಬಾಡಿದ್ದ. ಹುಲಿಗವ್ವ ಒಳಗೆ ಕರೆದು ಚಾಪೆ ಹಾಸಿ ನೀರು ಕೊಟ್ಟಳು. ಕುಡಿದು ಬಾಯಿ ಒರೆಸಿಕೊಂಡ.

"ಅಮ್ಮಾ, ಇಲ್ಲಿ ಮನಿ ಇಲ್ಲ."

"ಅಲ್ರಿ ಸಾಹೇಬ್ರ, ನೀವು ಕುಂತದ್ದೆಲ್ಲಿ ಮತ್ತ?"

"ನಾ ಕುಂತದ್ದು ಲೆಕ್ಕಕ್ಕ ಬರಂಗಿಲ್ಲ. ಉಪಗ್ರಹದಾಗ ಬರೇ ಮಣ್ಣು ಕಾಣತೈತಿ. ಹೊಲ ಅಂತ ಬರದೈತಿ."

ಟ್ಯಾಬು ತೋರಿಸಿದ. ಕೇರಿ ಇರಬೇಕಾದಲ್ಲಿ ಬರೀ ಕಂದು ಬಣ್ಣ. ಅಂಚಿಗೆ ಒಂದೇ ಒಂದು ಬಿಳಿ ಚೌಕ.

"ಇದು ಯಾರ ಮನಿರಿ?"

"ತಗಡಿನ ಮನಿ. ಚಂದ ಕಾಣತೈತಿ."

ಅದು ಗೌಡನ ಎಮ್ಮೆ ಕಟ್ಟುವ ಶೆಡ್ಡು. ಕಟ್ಟಿಗೆ, ಕೌದಿ ಇಳಿಸಿ ಹೊಸ ಮಣ್ಣು ಹಾಕಿದ ಮಾಳಿಗೆಗಳು ಮೇಲಿಂದ ಹೊಲದಂತೆಯೇ ಕಂಡಿದ್ದವು. ಗೌಡ ಟ್ರ್ಯಾಕ್ಟರ್ ಯಾಕೆ ಕೊಟ್ಟ ಅನ್ನುವುದು ಹುಲಿಗವ್ವನಿಗೆ ಈಗ ತಿಳಿಯಿತು. ತಮ್ಮ ಕೈಯಿಂದಲೇ ತಮ್ಮ ಮನೆ ಅಳಿಸಿದ್ದ, ಹಲ್ಕಟ್!

ಅಧಿಕಾರಿಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಗೌಡ ನಕ್ಕ. "ಉಪಗ್ರಹಕ್ಕ ಜಾತಿ ಇಲ್ಲ, ಲಂಚ ಇಲ್ಲ. ಅದು ಸುಳ್ಳು ಹೇಳತೈತೇನ ಹುಲಿಗಿ?"

ಕೇರಿಯವರು ತಹಸೀಲು ಕಚೇರಿಗೆ ನಾಲ್ಕು ಸಲ ಅಲೆದರು. "ಮುಂದಿನ ಸರ್ವೆ ಬರಲಿ" ಅಂದರು ಅಲ್ಲಿಯವರು. ಸರ್ವೆ ಬರಲಿಲ್ಲ, ಜೆಸಿಬಿ ಬಂತು. ಖಾಲಿ ಜಾಗ ಹಸನು ಮಾಡಲು ಆದೇಶವಂತೆ.

ಹುಲಿಗವ್ವ ಕೇರಿಗೆಲ್ಲ ಕೇಳುವಂತೆ ಕೂಗಿದಳು. "ಯಾರೂ ಹೊರಗ ಬರಬ್ಯಾಡ್ರಿ! ಮನಿ ಇಲ್ಲಂದ್ರ ಒಳಗ ನಾವೂ ಇಲ್ಲ. ನಡಸಲಿ!"

ಮೂವತ್ತೊಂದು ಬಾಗಿಲು ಒಂದೊಂದಾಗಿ ಮುಚ್ಚಿದವು.

ಡ್ರೈವರ್ ತಾಹೇರ ಯಂತ್ರ ಆರಿಸಿ ಕೆಳಗಿಳಿದ. "ಒಳಗ ಮಂದಿ ಅದಾರ್ರಿ ಗೌಡ್ರ. ನನ್ನ ಕೈಲೆ ಆಗಂಗಿಲ್ಲ."

"ಕಾಗದದಾಗ ಯಾರದಾರಲೇ?" ಗೌಡ ಕೊಪ್ಪಳಕ್ಕೆ ಫೋನು ಹಚ್ಚಿದ. ತಾಸಿನೊಳಗೆ ಬೇರೆ ಡ್ರೈವರ್ ಬಂದ. ಆದೇಶದ ಕಾಗದ ಹಿಡಿದು ಬಂದಿದ್ದ ಸುಭಾಷ್ ಜೀಪಿನಲ್ಲಿ ಕೂತು ಗಾಜು ಏರಿಸಿಕೊಂಡ.

ಮೊದಲ ಏಟಿಗೆ ಹುಲಿಗವ್ವನ ಗೋಡೆ ಬಾಯಿ ಬಿಟ್ಟಿತು. ಧೂಳಿನೊಳಗೆ ಅವಳು ಚಾಪೆಯ ಮೇಲೆ ಕೂತಿದ್ದಳು, ಕಣ್ಣು ಡ್ರೈವರನ ಮೇಲೆ. ಎದ್ದು ಬರಲಿಲ್ಲ. ಉಳಿದ ಮೂವತ್ತು ಮನೆಗಳಿಂದಲೂ ಒಬ್ಬರೂ ಹೊರಗೆ ಬರಲಿಲ್ಲ. ಡ್ರೈವರ್ ಜೆಸಿಬಿಯ ಬಕೆಟ್ಟನ್ನು ಮತ್ತೆ ಮೇಲಕ್ಕೆತ್ತಿದ.