ಒಂದನೆಯ ಖಾತೆ

೨೦೦೩ನೆಯ ಇಸವಿ, ಜೂನ್ ಒಂಬತ್ತು, ಸೋಮವಾರ. ಇಳಕಲ್ಲಿನ ನೇಕಾರರ ಸಹಕಾರ ಸಂಘದ ನೂಲಿನ ಡಿಪೋದಲ್ಲಿ ದುರ್ಗವ್ವನ ಹೆಸರಿನ ಮುಂದೆ ಎಂಬತ್ತನಾಲ್ಕು ಕಿಲೋ ಬಾಕಿ ಎಂದು ಕಂಪ್ಯೂಟರು ತೋರಿಸಿತು. ಆಕೆಯ ಮನೆಯಲ್ಲಿದ್ದುದು ಒಂದೇ ಮಗ್ಗ. ಆಕೆ ಒಯ್ದು, ಇನ್ನೂ ಸೀರೆ ಮಾಡಿ ಒಪ್ಪಿಸದೆ ಉಳಿದಿದ್ದ ನೂಲು ನಾಲ್ಕು ಕಿಲೋ.

ಹಿರಿಯ ಗುಮಾಸ್ತ ಸಂಗಯ್ಯ ಅಂಕಿಯನ್ನು ಗಟ್ಟಿಯಾಗಿ ಓದಿದ. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು.

"ಒಂದ ಮಗ್ಗದಾಗ ಎಂಬತ್ನಾಕು ಕಿಲೋ ಯಾವಾಗ ನೇಯ್ಲಿರಿ?" ಎಂದಳು ದುರ್ಗವ್ವ.

"ನೇಯ್ದಿಲ್ಲ, ಅದಕ್ಕ ಬಾಕಿ ಅದ. ಎಲ್ಲಿ ಮಾರಿದಿ, ಅದನ್ನ ಹೇಳು."

ಸಂಘದ ನೂಲನ್ನು ಹೊರಗೆ ಮಾರುವುದಕ್ಕೆ ಆ ಊರಿನಲ್ಲಿ ಕಳವು ಎಂದೇ ಹೆಸರು. ದುರ್ಗವ್ವ ಕಾರ್ಯದರ್ಶಿ ರಾಜೇಶನ ಕೋಣೆಗೆ ಹೋದಳು. ಹಳೆಯ ಪುಸ್ತಕಗಳು ಲೆಕ್ಕಪರಿಶೋಧನೆಗೆಂದು ಬಾಗಲಕೋಟೆಗೆ ಹೋಗಿದ್ದವು. ಯಂತ್ರದ ಅಂಕಿಯೇ ಅಂತಿಮ ಎಂಬ ನೋಟೀಸನ್ನು ಗೋಡೆಗೆ ಅಂಟಿಸಿದವನು ರಾಜೇಶನೇ. ತನಿಖೆ ಮುಗಿಯುವವರೆಗೆ ನೂಲು ಕೊಡಲಾಗದು ಎಂದು ಅವನು ತಲೆಯೆತ್ತದೆ ಹೇಳಿದ.

ಮರುದಿನ, ಸೆರಗಿನ ಎಳೆಗಳನ್ನು ಸೀರೆಯ ಮೈಯ ಎಳೆಗಳಿಗೆ ಕೂಡಿಸಿಕೊಡಲು ಬರುತ್ತಿದ್ದ ನೆರೆಮನೆಯ ಇಂದ್ರವ್ವ ಬರಲಿಲ್ಲ. ದುರ್ಗವ್ವ ಕರೆಯಲು ಹೋದಾಗ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಉತ್ತರ ಮಾತ್ರ ಬರಲಿಲ್ಲ.

ಬುಧವಾರ ಗುಮಾಸ್ತರಿಗೆ ಎರಡನೆಯ ಪಾಠ ಹೇಳಲು ಭಾಗ್ಯಜ್ಯೋತಿ ಡಿಪೋಗೆ ಬಂದಳು. ಕಂಪ್ಯೂಟರಿನ ಲೆಕ್ಕದ ವ್ಯವಸ್ಥೆಯನ್ನು ಮಾರಿದ ಬಾಗಲಕೋಟೆಯ ಕಂಪನಿಯವಳು. ಗುಮಾಸ್ತರಿಗಾಗಿ ಕಲಿಕೆಯ ಕೈಪಿಡಿಯನ್ನು ಕನ್ನಡದಲ್ಲಿ ಬರೆದವಳೂ ಅವಳೇ. ಇಳಕಲ್, ಹುನಗುಂದ, ಅಮೀನಗಡ, ಕಮತಗಿ ಡಿಪೋಗಳ ಎಂಟು ಗುಮಾಸ್ತರಿಗೆ ಮೇ ತಿಂಗಳ ಕೊನೆಯಲ್ಲಿ ಇಲ್ಲಿಯೇ ಮೊದಲ ಪಾಠವನ್ನು ಕಲಿಸಿ ಹೋಗಿದ್ದಳು. ಇರುವುದು ಒಂದೇ ಕಂಪ್ಯೂಟರು. ಕೈಪಿಡಿಯನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರೇ ಸರದಿಯಂತೆ ಕೂತು ಕಲಿತಿದ್ದರು. ಅವಳು ಹಜಾರದ ಆಚೆ ತುದಿಯಲ್ಲಿ ಉಳಿದವರಿಗೆ ಕೀಲಿಮಣೆಯ ಅಕ್ಷರಗಳನ್ನು ಹೇಳಿಕೊಡುತ್ತಿದ್ದಳು.

ಈ ಸಲವೂ ಎಂಟೂ ಜನ ಸೇರಿದ್ದರು. ಕಳವಿನ ಮಾತಿನಲ್ಲೇ ಇದ್ದ ಅವರಾರೂ ಅವಳಿಗೆ ಕುರ್ಚಿ ಸರಿಸಿಕೊಡಲಿಲ್ಲ.

"ಬರ್ರಿ ಅಕ್ಕಾರ," ಎಂದ ಸಂಗಯ್ಯ. "ನಿಮ್ಮ ಯಂತ್ರಾ ಬಂದು ಭಾಳ ಉಪಕಾರ ಆತು. ಮೊದಲನೇ ತಿಂಗಳದಾಗ ಕಳ್ಳೀನ ಹಿಡಿದು ಕೊಟ್ಟತಿ."

"ಯಾರ್ರಿ?"

"ಅಗಾ, ಬಾಗಲದಾಗ ನಿಂತಾಳಲ್ಲ, ಆಕಿ."

ದುರ್ಗವ್ವ ಆ ದಿನವೂ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಭಾಗ್ಯಜ್ಯೋತಿ ಯಾರನ್ನೂ ಕೇಳದೆ ಕುರ್ಚಿ ಎಳೆದುಕೊಂಡು ಆಕೆಯ ಖಾತೆಯನ್ನು ತೆರೆದಳು. ಒಂದೇ ದಿನಾಂಕ, ಹತ್ತು ಹತ್ತು ಕಿಲೋ, ಎಂಟು ಸಲ. ಅವಳ ಕೈ ಕೀಲಿಮಣೆಯ ಮೇಲೆಯೇ ನಿಂತಿತು.

"ಇದು ನೂಲಲ್ರಿ. ಇದು ನನ್ನ ಪಾಠ."

"ಏನಂದ್ರಿ?"

"ಹತ್ತು ಕಿಲೋ ನೂಲು ಕೊಟ್ಟಂಗ ಬರದು ರೂಢಿ ಮಾಡ್ರಿ ಅಂತ ಕೈಪಿಡಿ ಒಳಗ ನಾನ ಬರದೇನಿ. ಒಂದನೇ ನಂಬರಿನ ಖಾತೇದಾಗ. ಅದು ಕಲಿಯೂದಕ್ಕಂತ ಇಟ್ಟ ಖಾಲಿ ಖಾತೆ. ಅದರಾಗ ಏನ ಬರದ್ರೂ ಯಾರ ಲೆಕ್ಕಕ್ಕೂ ಹತ್ತೂದಿಲ್ಲ. ನೀವು ಎರಡನೇದ್ರಾಗ ಯಾಕ ಬರದ್ರಿ?"

ಕಮತಗಿಯ ಮಹಾಂತೇಶ ಅವಳ ಪ್ರಶ್ನೆಯೇ ವಿಚಿತ್ರವೆಂಬಂತೆ ಹೇಳಿದ: "ಒಂದನೇದು ತಾಯಿದು ಅಲ್ರೀ ಅಕ್ಕಾರ."

ಅವಳು ಒಂದನೆಯ ಖಾತೆಯನ್ನು ತೆರೆದು ನೋಡಿದಳು. ಹೆಸರಿನ ಜಾಗದಲ್ಲಿ 'ಶ್ರೀ ಬನಶಂಕರಿ ಪ್ರಸನ್ನ' ಎಂದಿತ್ತು. ಸಂಘದಲ್ಲಿ ಹೊಸ ಖಾತೆಪುಸ್ತಕವನ್ನು ತೆರೆದಾಗ ಮೊದಲ ಪುಟ ದೇವಿಗೆ ಮೀಸಲು. ಅಲ್ಲಿ ಹೆಸರಿನ ಹೊರತು ಒಂದು ಅಂಕಿಯೂ ಬೀಳುವುದಿಲ್ಲ. ಬಸವ ಜಯಂತಿಯ ದಿನ ಕಂಪ್ಯೂಟರಿಗೆ ಪೂಜೆ ಮಾಡಿದಾಗ ಸಂಗಯ್ಯ ಆ ಪದ್ಧತಿಯಂತೆ ಒಂದನೆಯ ಖಾತೆಗೆ ದೇವಿಯ ಹೆಸರನ್ನು ಬರೆಸಿದ್ದ. ಪಾಠಕ್ಕೆ ಕೂತ ಎಂಟೂ ಜನ ಆ ಹೆಸರನ್ನು ಕಂಡು, ಒಬ್ಬರನ್ನೊಬ್ಬರು ಕೇಳದೆ, ಮುಂದಿನ ಖಾತೆಗೆ ಸರಿದಿದ್ದರು. ಅದು ದುರ್ಗವ್ವನದು.

"ಹೆಸರು ಬದಲಿ ಮಾಡಿದ್ದು ನನಗ ಹೇಳಬೇಕಿತ್ರಿ, ಸಂಗಯ್ಯಾರ."

"ನೀವು ಕೇಳಬೇಕಿತ್ತು. ನಿಮ್ಮ ಬಾಗಲಕೋಟ್ಯಾಗ ದೇವರ ಹೆಸರಿಲೆ ನೂಲಿನ ಬಾಕಿ ಬರೀತಾರೇನು?"

"ಜೀವಂತ ಹೆಣಮಗಳ ಹೆಸರಿಲೆ ಸುಳ್ಳ ಬಾಕಿ ಬರಿಯೂದು ನಡೀತದ? ಹೋಗಲಿ, ಪಾಠ ಮುಗಿದ ಮ್ಯಾಲೆ ನಮೂದು ಅಳಿಸ್ರಿ ಅಂತ ಕಡೇ ಸಾಲಿನಾಗ ಬರದೇನಿ. ಒಬ್ಬರರ ಅಳಿಸಬಾರದ?"

"ಬರದ ಲೆಕ್ಕಾ ಅಳಿಸಿದವಂಗ ನಾವು ಗುಮಾಸ್ತ ಅನ್ನೂದಿಲ್ಲ," ಎಂದ ಸಂಗಯ್ಯ. "ಜೈಲಿಗೆ ಹೋಗಾವ ಅಂತೇವಿ."

ಒಂದಿಬ್ಬರು ನಕ್ಕರು. ಭಾಗ್ಯಜ್ಯೋತಿ ನಗಲಿಲ್ಲ. ಬರೆದದ್ದನ್ನು ಅಳಿಸದೆ, ಅದಕ್ಕೆ ಎದುರಾಗಿ ಎಂಟು ತಿರುಗು ನಮೂದುಗಳನ್ನು ಹಾಕಿ ಎಂಬತ್ತು ಕಿಲೋ ಕಳೆದಳು. ನಾಲ್ಕು ಉಳಿಯಿತು. ಆಮೇಲೆ ಕೈಪಿಡಿಯ ಮೊದಲ ಪಾಠದ ಪುಟವನ್ನು ಎಲ್ಲರ ಎದುರಿಗೇ ಹರಿದಳು. ಕಲಿಕೆಯ ಖಾತೆಯನ್ನು ಪಟ್ಟಿಯ ಕಟ್ಟಕಡೆಗೆ ಒಯ್ದು, ಅದಕ್ಕೆ ಯಾವ ಹೆಸರು ಇಡೋಣ ಎಂದು ಕೇಳಿದಳು. ಕಲಿಯುವವರು ಹೇಳಿದ್ದನ್ನೇ ಬರೆಯಬೇಕೆಂಬುದು ಅವಳಿಗೆ ಅಷ್ಟರಲ್ಲಿ ತಿಳಿದಿತ್ತು.

"ನಮ್ಮ ಮಾವಂದು ಇಡ್ರಿ," ಎಂದ ಅಮೀನಗಡದ ಶಾಬುದ್ದೀನ. "ಎಷ್ಟ ಬಾಕಿ ಬರದ್ರೂ ಕೊಡಾಂವಲ್ಲ, ಕೇಳಿದ್ರ ಸಿಗಾಂವಲ್ಲ."

"ಹೆಸರ ಬ್ಯಾಡ. 'ಇದು ರೂಢಿಗೆ' ಅಂತ ಬರೀರಿ," ಎಂದ ಮಹಾಂತೇಶ. ಹಾಗೆಯೇ ಬರೆದಳು. ಹರಿದ ಪುಟದ ಬದಲು ಹೊಸ ಪುಟ ಬರೆದು, ಅದರಲ್ಲಿ ನಮೂದು ಅಳಿಸಿ ಎಂಬ ಸಾಲಿನ ಜಾಗಕ್ಕೆ ತಿರುಗು ನಮೂದು ಹಾಕಿ ಎಂದು ಸೇರಿಸಿದಳು. ಸಂಗಯ್ಯ ಅಷ್ಟು ಹೊತ್ತೂ ಕಿಟಕಿಯ ಹೊರಗೆ ನೋಡುತ್ತಿದ್ದ.

ರಾಜೇಶ ತನ್ನ ಕೋಣೆಯಿಂದ ಹೊರಬಂದು ದುರ್ಗವ್ವನನ್ನು ಕರೆದ. "ನಾಕ ಕಿಲೋ ಅದ. ಸರಿಯಾತು. ನೂಲು ತಗೊಂಡು ಹೋಗು."

"ಒಯ್ಯೂದಿಲ್ರಿ."

"ಯಾಕ?"

"ಸೋಮವಾರ ಸಾಲಿನಾಗ ಇಪ್ಪತ್ತು ಮಂದಿ ಇದ್ರು. ಅವರ ಮುಂದ ಸಂಗಯ್ಯಾರು 'ಎಲ್ಲಿ ಮಾರಿದಿ' ಅಂದ್ರು. ಅವರ ಮುಂದನ 'ಮಾರಿಲ್ಲ' ಅನ್ಲಿ. ಆಮ್ಯಾಲೆ ಒಯ್ತೇನಿ."

ಸಂಗಯ್ಯ ಈಗ ತಿರುಗಿದ. "ಯಂತ್ರಾ ತೋರಿಸಿದ್ದು ನಾ ಓದಿದೆ. ನಂದೇನು ತಪ್ಪು?"

"ಎಂಬತ್ನಾಕು ಅಂತ ಯಂತ್ರಾ ತೋರಿಸ್ತು. ಮಾರಿದಿ ಅಂತ ತೋರಿಸಿತ್ತೇನ್ರಿ?"

ರಾಜೇಶ ಗೋಡೆಯ ನೋಟೀಸಿನ ಕಡೆ ನೋಡಿ, ಕೈಪಿಡಿ ತಿದ್ದಿದ್ದಾಯಿತು, ವಿಷಯ ಮುಗಿಯಿತು ಎಂದ. ಭಾಗ್ಯಜ್ಯೋತಿ ಎದ್ದು ನಿಂತಳು. "ಸೋಮವಾರ ನಾ ಬಂದು ಸಾಲಿನ ಮುಂದ ಹೇಳ್ತೇನಿ ಅವ್ವಾರ. ಪಾಠ ನಂದು, ತಪ್ಪು ನಂದು."

"ನಿನ್ನ ತಪ್ಪು ನೀ ತಿದ್ದೀದಿ ತಂಗಿ, ನಾ ನೋಡೀನಿ," ಎಂದಳು ದುರ್ಗವ್ವ. "ಆದ್ರ ನನಗ ಕಳ್ಳಿ ಅಂದಾಕಿ ನೀ ಅಲ್ಲ."

ಮಗ್ಗದ ಮೇಲೆ ಉಳಿದಿದ್ದ ನೂಲನ್ನು ಆಕೆ ಇಂದ್ರವ್ವನ ಕೈಯ ಸಹಾಯವಿಲ್ಲದೆ, ಎಳೆ ಎಳೆಯನ್ನು ತಾನೇ ಕೂಡಿಸಿಕೊಂಡು ನೇಯ್ದು ಮುಗಿಸಿದಳು. ಜುಲೈ ತಿಂಗಳ ಒಂದು ಸೋಮವಾರ ಸೀರೆಗಳನ್ನು ತಂದು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಸಂಗಯ್ಯನ ಮುಂದೆ ಇಟ್ಟಳು. ಅವನು ತೂಗಿದ, ಮಡಿಕೆ ಬಿಚ್ಚಿ ಸೆರಗು ನೋಡಿದ, ಕೈಪಿಡಿಯಲ್ಲಿದ್ದಂತೆ ಒಂದೊಂದೇ ಕೀಲಿಯನ್ನು ಒತ್ತಿದ. ಬಾಕಿಯ ಜಾಗದಲ್ಲಿ ಸೊನ್ನೆ ಬಂತು. ಕೂಲಿಯನ್ನು ಎಣಿಸಿ ಕೊಟ್ಟ.

"ಹೊಸಾ ನೂಲು?" ಎಂದ.

ದುರ್ಗವ್ವ ಹಣವನ್ನು ಸೆರಗಿಗೆ ಕಟ್ಟಿಕೊಂಡು ಅವನ ಮುಖವನ್ನು ನೋಡುತ್ತ ನಿಂತಳು. ಹಿಂದಿದ್ದವರು ಕತ್ತು ಚಾಚಿ ನೋಡಿದರು.

"ಮುಂದಿನವರು ಬರ್ರಿ," ಎಂದ ಸಂಗಯ್ಯ.

ಆಕೆ ಸಾಲನ್ನು ಬಿಟ್ಟು ಹೊರಟಳು. ಸಂಘದ ಲೆಕ್ಕದಲ್ಲಿ ಆಕೆ ಕೊಡಬೇಕಾದದ್ದು ಏನೂ ಉಳಿಯಲಿಲ್ಲ. ಸಂಗಯ್ಯ ಕೊಡಬೇಕಾದದ್ದು ಉಳಿಯಿತು.