ಕುರ್ಚಿಗಳ ನಡುವಿನ ಕೈ

ನನ್ನ ಅಬ್ಬಾ ತೀರಿಕೊಂಡ ಆಸ್ಪತ್ರೆಯವರು ಎರಡು ವರ್ಷಗಳಾದ ಮೇಲೆ ಫೋನ್ ಮಾಡಿ, ‘ಹೊಸಾ ಕಟ್ಟಡ ಕಟ್ಟಾವರದೇವಿ, ಇಲ್ಲೆ ಬಂದಿದ್ದ ಮನಿಯವರನ್ನ ಕೇಳಾಕತ್ತೇವಿ, ನಿಮ್ಮ ಅಭಿಪ್ರಾಯನೂ ಬೇಕಾಗಿತ್ತು’ ಅಂದಾಗ ನನಗೆ ಮೈಯೆಲ್ಲ ಉರಿಯಿತು. ಒಬ್ಬ ಮನುಷ್ಯನನ್ನು ಉಳಿಸಿಕೊಡಲಾಗದವರಿಗೆ ನನ್ನ ಅಭಿಪ್ರಾಯ ಕಟ್ಟಿಕೊಂಡು ಏನಾಗಬೇಕು? ದುರ್ಗದಬೈಲಿನ ನಮ್ಮ ಬಳೆ ಅಂಗಡಿಯಲ್ಲಿ ಗಿರಾಕಿಯ ಕೈ ಹಿಡಿದುಕೊಂಡೇ ಬೈಯಲು ಬಾಯಿ ತೆರೆದಿದ್ದೆ. ಪಕ್ಕದಲ್ಲಿ ಕೂತಿದ್ದ ಅಮ್ಮಿ, ‘ಹೋಗೂಣು ಹುಮಾ. ಆ ಬೆಂಚ್ ಕಿತ್ತ ಒಗಿತಾರೇನು ನೋಡೂಣು’ ಅಂದಳು.

ಆ ಬೆಂಚಿನ ವಿಷಯ ಹೇಳಬೇಕು. ಅಂದು ಎದೆನೋವೆಂದು ಹೋದ ಅಬ್ಬಾನನ್ನು ಹೊರಗಿನ ಹಾಲಿನಲ್ಲಿ ಕೂರಿಸಿ ಕಾಯಲು ಹೇಳಿದ್ದರು. ಗಂಟಲು ಒಣಗಿದೆ, ಸ್ವಲ್ಪ ಚಹಾ ತಾ ಎಂದು ಅಬ್ಬಾ ಅಮ್ಮಿಯನ್ನು ಕಳಿಸಿದರು. ಅವಳು ರಸ್ತೆಯಾಚೆಗಿನ ಗಾಡಿಯಿಂದ ಚಹಾ ಹಿಡಿದು ಬರುವಷ್ಟರಲ್ಲಿ ಬೆಂಚು ಖಾಲಿ. ಒಳಗೆ ಒಯ್ದು ಬಾಗಿಲು ಹಾಕಿಕೊಂಡಿದ್ದರು. ಅದು ಮತ್ತೆ ತೆರೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಂದಿನಿಂದ ಅಮ್ಮಿಯದು ಒಂದೇ ಮಾತು: ‘ಕಡೀ ಗಳಿಗ್ಯಾಗ ಅವರನ್ನ ಒಬ್ಬರನ್ನ ಬಿಟ್ಟು ಹೋದ್ನಿ.’ ನಾನು ಎಷ್ಟು ಹೇಳಿದರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಅವಳು ಅತ್ತಿದ್ದನ್ನೂ ನಾನು ನೋಡಲಿಲ್ಲ.

ಕಟ್ಟಡದ ನಕ್ಷೆ ಮಾಡುವವರ ಆಫೀಸು ಗೋಕುಲ ರಸ್ತೆಯಲ್ಲಿ. ಶಶಿಕುಮಾರ ಅನ್ನುವ ಇಂಜಿನಿಯರು ಡಬ್ಬಿಯಂಥ ಒಂದು ಕನ್ನಡಕ ತಂದರು.

‘ಇದನ್ನ ಹಾಕ್ಕೊಂಡ್ರ ಕಟ್ಟಡದಾಗ ನಿಂತಂಗ ಅನಸ್ತೈತ್ರಿ ಅಮ್ಮಾರ. ಮೊದಲ ಹಳೇದು ತೋರಸ್ತೇನಿ, ಆಮ್ಯಾಲ ಹೊಸಾದು. ಏನೇನು ತ್ರಾಸ ಐತಿ ಹೇಳ್ರಿ. ಕಟ್ಟೂಕಿಂತ ಮೊದಲ ತಿದ್ದತೇವಿ.’

ಅಮ್ಮಿ ಚಪ್ಪಲಿ ಬಿಟ್ಟು ಕನ್ನಡಕ ಹಾಕಿಸಿಕೊಂಡಳು. ನನಗೆ ನಗು ಬಂತು. ಅವಳು ಮೆಲ್ಲಗೆ ಆ ಕಡೆ, ಈ ಕಡೆ ತಿರುಗಿದಳು. ಆಮೇಲೆ ತಿರುಗುವುದನ್ನು ನಿಲ್ಲಿಸಿ ನನ್ನ ಕೈ ಹಿಡಿದಳು. ನನ್ನ ಎರಡು ಬಳೆ ಒಡೆದವು.

‘ಹುಮಾ, ಇಲ್ಲೆ ನಿಮ್ಮ ಅಬ್ಬಾ ಕುಂತಾರ.’

ಇವಳ ತಲೆ ಕೆಟ್ಟಿತು ಅಂದುಕೊಂಡೆ. ಕನ್ನಡಕ ಕಿತ್ತುಕೊಂಡು ನಾನೇ ಹಾಕಿಕೊಂಡೆ. ಆಸ್ಪತ್ರೆಯ ಅದೇ ಹಳೆಯ ಹಾಲು, ಬಣ್ಣ ಉದುರಿದ ಗೋಡೆ. ಎಡಕ್ಕೆ ತಿರುಗಿದೆ. ಗ್ಯಾರೇಜ್ ಕೆಲಸದ ಎಣ್ಣೆ ಕಲೆಯಿದ್ದ, ಆ ದಿನದ ಅದೇ ಅಂಗಿ ಹಾಕಿಕೊಂಡು ಅಬ್ಬಾ ಬೆಂಚಿನ ಮೇಲೆ ಕೂತಿದ್ದರು.

ಖಬರಸ್ತಾನಕ್ಕೆ ಕಳಿಸಿಕೊಟ್ಟ ಮನುಷ್ಯ ಕೈಯಳತೆಯಲ್ಲಿ ಕೂತರೆ ಏನಾಗುತ್ತದೆ ಎಂದು ಯಾರಿಗೆ ಹೇಳಲಿ? ಮುಟ್ಟಲು ಕೈ ಚಾಚಿದೆ, ಬೆರಳು ಯಾವುದೋ ಮೇಜಿಗೆ ಬಡಿಯಿತು. ಕನ್ನಡಕ ತೆಗೆದು ಶಶಿಕುಮಾರರ ಮೇಲೆ ಹರಿಹಾಯ್ದೆ.

‘ಏನ್ರಿ ಇದು? ನಮ್ಮ ಅಬ್ಬಾನ್ನ ತಂದು ಇದರಾಗ ಕುಂದ್ರಸೇರಿ?’

ಅವರಿಗೂ ಮೊದಲು ತಿಳಿಯಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದ ಮೇಲೆ ಮುಖ ಬಿಳಚಿಕೊಂಡಿತು. ಸುತ್ತಲೂ ಏನಿದೆಯೋ ಅಷ್ಟನ್ನೂ ಒಮ್ಮೆಲೇ ಹಿಡಿಯುವ ಕ್ಯಾಮೆರಾದಿಂದ ಹಳೆಯ ಆಸ್ಪತ್ರೆಯ ಒಂದೊಂದು ಕೋಣೆಯನ್ನೂ ಫೋಟೋ ತೆಗೆದಿದ್ದರಂತೆ. ಈ ಹಾಲಿನ ಫೋಟೋ ಅಬ್ಬಾ ತೀರಿಕೊಂಡ ದಿನದ್ದೇ. ಜನರ ಮುಖ ಕಾಣದಂತೆ ಮಸುಕು ಮಾಡಬೇಕಿತ್ತು. ಈ ಹಾಲಿನದು ಒಂದೇ ಹಾಗೇ ಉಳಿದುಬಿಟ್ಟಿತ್ತು.

‘ತಪ್ಪಾತ್ರಿ. ಈಗ ಅಳಸ್ತೇನಿ.’

‘ಅಳಸ್ರಿ ಲಗೂನ. ನಮ್ಮ ಮುಂದ ಅಳಸ್ರಿ.’

‘ಅಳಸಬ್ಯಾಡ್ರಿ,’ ಅಂದಳು ಅಮ್ಮಿ. ಅವಳ ದನಿ ಗಟ್ಟಿಯಾಗಿತ್ತು. ‘ಹುಮಾ, ನೀ ಪೂರಾ ನೋಡಿಲ್ಲ. ಬಾಜೂಕ ನೋಡು.’

ಮತ್ತೆ ಹಾಕಿಕೊಂಡೆ. ಬೆಂಚಿನ ತುದಿಯಲ್ಲಿ ಅಮ್ಮಿಯ ಹಸಿರು ಚೀಲವಿತ್ತು, ಅಮ್ಮಿ ಇರಲಿಲ್ಲ. ಅವಳು ಚಹಾಕ್ಕೆ ಹೋದ ಹೊತ್ತು. ಅಬ್ಬಾನ ಇನ್ನೊಂದು ಬದಿಗೆ ಯಾರೋ ಧೋತರದ ಹಿರಿಯರು, ಹಣೆ ತುಂಬ ವಿಭೂತಿ. ಅಬ್ಬಾನ ತಲೆ ಅವರ ಹೆಗಲ ಮೇಲಿತ್ತು. ಅವರು ಒಂದು ಕೈಯಿಂದ ಅಬ್ಬಾನ ಬೆನ್ನು ಬಳಸಿ ತೋಳು ಹಿಡಿದುಕೊಂಡಿದ್ದರು, ಇನ್ನೊಂದು ಕೈಯಲ್ಲಿ ಗಾಳಿ ಹಾಕುತ್ತಿದ್ದ ಟವೆಲ್ಲು. ಮುಖ ಮಾತ್ರ ಒಳಗಿನ ಬಾಗಿಲ ಕಡೆ, ಬಾಯಿ ದೊಡ್ಡದಾಗಿ ತೆರೆದಿತ್ತು. ಯಾರನ್ನೋ ಕೂಗುತ್ತಿದ್ದರು. ನಮ್ಮ ಅಬ್ಬಾನ ಸಲುವಾಗಿ ಕೂಗುತ್ತಿದ್ದರು.

ಅವರು ಯಾರು, ಯಾವ ಊರಿನವರು, ನಮಗೆ ಗೊತ್ತಿಲ್ಲ. ಅಂದು ಅಮ್ಮಿ ವಾಪಸ್ಸು ಬಂದಾಗ ಅಲ್ಲಿ ಯಾರೂ ಇರಲಿಲ್ಲ.

‘ಅವರು ಒಬ್ಬರ ಇರಲಿಲ್ಲ ಹುಮಾ,’ ಅಂದಳು ಅಮ್ಮಿ. ‘ಯಾವ ತಾಯಿ ಹಡದ ಮಗನೋ, ಹಿಡಕೊಂಡಾನ.’ ಎರಡು ವರ್ಷ ಅಳದವಳು ಆ ಆಫೀಸಿನ ಕುರ್ಚಿಯಲ್ಲಿ ಕುಸಿದು ಅತ್ತಳು. ನಾನೂ ಅತ್ತೆ. ಶಶಿಕುಮಾರ ನೀರು ತಂದಿಟ್ಟು ಗೋಡೆಯ ಕಡೆ ನೋಡುತ್ತ ನಿಂತರು.

‘ಇವತ್ತಿಗೆ ಸಾಕ್ರಿ, ಮನಿಗೆ ಹೋಗ್ರಿ’ ಎಂದು ಅವರು ಅಂದಾಗ ಅಮ್ಮಿ ಸೆರಗಿನಿಂದ ಮುಖ ಒರೆಸಿಕೊಂಡಳು.

‘ಹೊಸಾದು ತೋರಸ್ತೇನಿ ಅಂದಿದ್ರಿ.’

ತೋರಿಸಿದರು. ದೊಡ್ಡ ಕಿಟಕಿ, ತುಂಬ ಬೆಳಕು ಎಂದು ಅವರು ಹೇಳುತ್ತಲೇ ಇದ್ದರು. ಅಮ್ಮಿ ಕಿಟಕಿಯತ್ತ ತಿರುಗಲೇ ಇಲ್ಲ. ತಲೆ ತಗ್ಗಿಸಿ ಒಂದೇ ಕಡೆ ನೋಡುತ್ತಿದ್ದಳು.

‘ಬೆಂಚ್ ಎಲ್ಲೆ ಐತ್ರಿ?’

‘ಬೆಂಚ್ ತಗದೇವ್ರಿ ಅಮ್ಮಾರ. ಛಲೋ ಸ್ಟೀಲ್ ಕುರ್ಚಿ ಹಾಕೇವಿ.’

‘ಕುರ್ಚಿ ಕುರ್ಚಿಗೆ ನಡಕ ಈ ಸ್ಟೀಲಿನ ಕೈ ಯಾಕ?’

‘ಜನಾ ಅಡ್ಡ ಮಲಗಬಾರದು ಅಂತ್ರಿ. ಒಬ್ಬೊಬ್ಬರಿಗೆ ಒಂದೊಂದು.’

‘ಅವತ್ತ ಆ ಬೆಂಚಿಗೆ ಈ ಕೈ ಇದ್ದಿದ್ರ,’ ಅಂದಳು ಅಮ್ಮಿ, ‘ಇವರು ಎಲ್ಲೆ ತಲಿ ಇಡತಿದ್ರು?’

ಶಶಿಕುಮಾರ ಕಂಪ್ಯೂಟರಿನ ಮುಂದೆ ಕೂತು ಆ ಕೈಗಳನ್ನು ಒಂದೊಂದಾಗಿ ತೆಗೆಯತೊಡಗಿದರು. ಅಮ್ಮಿ ಕನ್ನಡಕ ಬಿಚ್ಚದೆ, ಕಡೆಯದು ಹೋಗುವವರೆಗೂ ನಿಂತೇ ಇದ್ದಳು.

‘ಈಗ ಆತು,’ ಅಂದಳು. ‘ಈಗ ಬಾಜೂಕ ಯಾರರ ಕುಂದ್ರಬಹುದು.’